ಆನ್‌ಲೈನ್ ಥೆರಪಿಯಲ್ಲಿ ಮೌನಕ್ಕೂ ತಯಾರಿ ಬೇಕು

ಬಳ್ಳಾರಿ, 12 ಏಪ್ರಿಲ್ 2025, ಶನಿವಾರ

ಈ ಬಿಸಿಲಿಗೆ ಮಧ್ಯಾಹ್ನ ಕೂಲರ್ ಹಚ್ಚದೆ ಕೂಡಲಾಗದು, ಹಚ್ಚಿದರೆ ಫೋನಿನಲ್ಲಿ ನಡೆಯುವ ಥೆರಪಿ ಸೆಷನ್ನಿನ ಮಾತು ಕೇಳಿಸದು. ಬೇಸಿಗೆ ಮುಗಿಯುವವರೆಗೆ ಬೆಳಗ್ಗೆ ಏಳೆಂಟರ ಹೊತ್ತನ್ನೇ ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು.

ಮೈಂಡ್‌ಫುಲ್‌ನೆಸ್, ಅಂದರೆ ಉಸಿರು, ಮೈ, ಮನಸ್ಸಿನಲ್ಲಿ ಈಗ ಆಗುತ್ತಿರುವುದನ್ನು ಸುಮ್ಮನೆ ಗಮನಿಸುವ ಅಭ್ಯಾಸ, ಬಳಸುವ ಮನಶ್ಶಾಸ್ತ್ರಜ್ಞರ ಸೆಷನ್ನಿನಲ್ಲಿ ಮಾತಿಗಿಂತ ಮೌನ ಜಾಸ್ತಿ ಇರುವ ಹೊತ್ತುಗಳಿರುತ್ತವೆ. ಎದುರಿಗೆ ಕೂತಾಗ ಅದು ಸಹಜ. ಫೋನಿನಲ್ಲಾದರೆ ಒಂದು ನಿಮಿಷ ಸದ್ದಿಲ್ಲದಿದ್ದರೂ 'ನೆಟ್‌ವರ್ಕ್ ಹೋಯಿತೇನೋ' ಎಂದು ಕಣ್ಣು ತೆರೆಯುತ್ತದೆ. ಆದ್ದರಿಂದ ನಡುನಡುವೆ ಒಂದು ಮಾತು ಆಡುತ್ತಿರಿ ಎಂದು ಮೊದಲೇ ಹೇಳಿಡಿ. ವಿಡಿಯೋ ಆಪ್‌ಗಳು ಹಿನ್ನೆಲೆ ಸದ್ದನ್ನು ತೆಗೆಯುವಾಗ ಅಭ್ಯಾಸಕ್ಕೆ ಅವರು ಬಾರಿಸುವ ಗಂಟೆಯ ನಾದವನ್ನೂ ನುಂಗುತ್ತವೆ. ಅವರ ಕಡೆ ಆ ಸೆಟ್ಟಿಂಗ್ ಆಫ್ ಆಗಿರಬೇಕು. ಫೋನನ್ನು ಎದೆಯ ಮಟ್ಟಕ್ಕೆ, ಮೂರು ಅಡಿ ದೂರದಲ್ಲಿ ಒರಗಿಸಿಡಿ. ಬರೀ ಮುಖ ಕಂಡರೆ ಉಸಿರು ಮೇಲುಮೇಲಾಗಿದ್ದು, ಹೆಗಲು ಬಿಗಿದದ್ದು ಅವರಿಗೆ ತಿಳಿಯುವುದಿಲ್ಲ.

ಕರೆಂಟ್ ಹೋಗಿ ಕಾಲ್ ಕಟ್ಟಾದರೆ ಯಾರು ಯಾರಿಗೆ ಫೋನ್ ಮಾಡಬೇಕು, ಈಗ ಎಲ್ಲಿ ಕೂತಿದ್ದೀರಿ, ತುರ್ತಿಗೆ ಮನೆಯವರಲ್ಲಿ ಯಾರ ನಂಬರ್ ಎಂಬುದನ್ನು ಆರಂಭದಲ್ಲೇ ಕೇಳದ ಮನಶ್ಶಾಸ್ತ್ರಜ್ಞರ ಹತ್ತಿರ ಮುಂದುವರಿಯಬೇಕೇ ಎಂದು ಸ್ವಲ್ಪ ಯೋಚಿಸಿ.

ಎಲ್ಲರಿಗೂ ಉಸಿರಿನಿಂದಲೇ ಶುರು ಮಾಡಿಸುವುದು ಸರಿಯಲ್ಲ. ಗಾಬರಿಯ ತೊಂದರೆ ಇರುವವರು ಉಸಿರು ಗಮನಿಸಲು ಹೋಗಿ ಅದನ್ನು ಎಳೆದೆಳೆದು ಬಿಡತೊಡಗುತ್ತಾರೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಬೆರಳು ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ. ಮತ್ತೆ ಅದೇ ಬಂತು ಎಂದು ಭಯ ಇಮ್ಮಡಿಯಾಗುತ್ತದೆ. ಅಂಥವರು ಕಣ್ಣು ತೆರೆದೇ ಇಟ್ಟು, ಕಡಪ ಕಲ್ಲಿನ ನೆಲಕ್ಕೆ ಅಂಗಾಲು ಊರಿ, ಹಿಮ್ಮಡಿಯ ಭಾರ, ಕಲ್ಲಿನ ತಂಪು, ಬೆರಳಸಂದಿಯ ಬೆವರು ಇಷ್ಟನ್ನೇ ಎರಡು ನಿಮಿಷ ಗಮನಿಸಲಿ. ಹಳೆಯ ಆಘಾತ ಇರುವವರಿಗೂ ಇದೇ ಮೇಲು. ಕಷ್ಟವಾದರೆ ತಡೆದುಕೊಂಡು ಕೂಡಬೇಡಿ, ಆಗಲೇ ಹೇಳಿ.

1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ಜಾನ್ ಕಬಾಟ್ ಝಿನ್ ಶುರು ಮಾಡಿದ ಎಂಟು ವಾರದ ಮೈಂಡ್‌ಫುಲ್‌ನೆಸ್ ಕ್ರಮದಲ್ಲಿ ಒಂದು ಒಣದ್ರಾಕ್ಷಿಯನ್ನು ನಿಧಾನವಾಗಿ ತಿನ್ನುವ ಅಭ್ಯಾಸವಿದೆ. ನಮ್ಮ ಕಡೆ ಹುರಿದ ಶೇಂಗಾ ಸಾಕು. ಕೆಂಪು ಸಿಪ್ಪೆ ಬೆರಳಿಗೆ ಪುಡಿಯಾಗುವುದು, ಹಲ್ಲು ತಾಗುವ ಮೊದಲೇ ಬಾಯಲ್ಲಿ ನೀರೂರುವುದು, ಇನ್ನೊಂದಕ್ಕೆ ಕೈ ತಾನೇ ಹೋಗುವುದು. ಈ ಕೊನೆಯದನ್ನು ಹಿಡಿಯುವುದೇ ಮುಖ್ಯ. ಸಿಟ್ಟಿನಲ್ಲೂ ಚಿಂತೆಯಲ್ಲೂ ಮನಸ್ಸು ಹಾಗೇ ತಾನಾಗಿ ಹೊರಡುತ್ತದೆ.

ಅಭ್ಯಾಸ ಮುಗಿದ ಮೇಲೆ ಮನಶ್ಶಾಸ್ತ್ರಜ್ಞರ ಜೊತೆ ಆಡುವ ಹತ್ತು ನಿಮಿಷದ ಮಾತುಕತೆಯೇ ಥೆರಪಿಯ ತಿರುಳು. 'ಚೆನ್ನಾಗಿತ್ತು ಮೇಡಂ, ಆರಾಮ ಅನ್ನಿಸ್ತು' ಎಂದರೆ ಅವರಿಗೆ ಏನೂ ಸಿಗುವುದಿಲ್ಲ. 'ಎದೆ ಬಿಗೀತು, ಸಾಲದ ನೆನಪು ಬಂತು, ಎದ್ದು ಹೋಗೋಣ ಅನ್ನಿಸ್ತು' ಎಂದರೆ ಮುಂದಿನ ವಾರದ ದಾರಿ ಸಿಗುತ್ತದೆ. ಬರೀ ಧ್ಯಾನದ ಆಪ್ ಹಾಕಿಕೊಂಡು ಕೂತರೆ ಇದನ್ನು ಕೇಳುವವರಿಲ್ಲ.

ಮನೆಯಲ್ಲಿ ದಿನಕ್ಕೆ ಮೂರು ನಿಮಿಷದ ಅಭ್ಯಾಸವನ್ನು ಒಂದೇ ಕೆಲಸಕ್ಕೆ ಗಂಟುಹಾಕಿ: ಒಲೆ ಹಚ್ಚುವ ಮುಂಚೆ ಅಥವಾ ಅಂಗಡಿ ಬಾಗಿಲು ತೆರೆಯುವ ಮುಂಚೆ. ಈಗ ಏನಾಗುತ್ತಿದೆ ನೋಡುವುದು, ಉಸಿರಿಗೋ ಅಂಗಾಲಿಗೋ ಬರುವುದು, ಆಮೇಲೆ ಇಡೀ ಮೈಗೆ ಗಮನ ಹರಡುವುದು.

ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ಅವರನ್ನೇ ಕೇಳದೆ ಬಿಡಬೇಡಿ. ಸಾಯಬೇಕೆನ್ನುವ ಯೋಚನೆ ಬಂದರೆ ಮುಂದಿನ ಸೆಷನ್ನಿಗೆ ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.