ಹುಲ್ಲಿನ ಹೊಲಕ್ಕೆ ಸುಣ್ಣ, ಗುಂಟೆಗೆ ಹತ್ತು ಕೆಜಿ

26 ವರ್ಷ ಬಸ್ಸಿನಲ್ಲಿ ಟಿಕೆಟ್ ಕೊಟ್ಟವನು ನಾನು. ಲೆಕ್ಕ ತಪ್ಪಿದರೆ ನಿದ್ದೆ ಬರುವುದಿಲ್ಲ. ಕಲಘಟಗಿ ಹತ್ತಿರದ ನಮ್ಮ ಎರಡು ಎಕರೆ ಹುಲ್ಲಿನ ಹೊಲದ ಲೆಕ್ಕ ಮೂರು ವರ್ಷದಿಂದ ತಪ್ಪುತ್ತಲೇ ಇತ್ತು. ಗಿನಿ ಹುಲ್ಲು ಹಾಕಿದ ಹೊಸತರಲ್ಲಿ ಒಣಗಿಸಿ ಎರಡು ಬಣವಿ ಒಟ್ಟಿದ್ದೆವು. ಆಮೇಲೆ ಒಂದೂವರೆ. ಆಮೇಲೆ ಒಂದೇ. ಎಕರೆಗೆ ವರ್ಷಕ್ಕೆ ಎರಡು ಚೀಲ ಯೂರಿಯಾ ಮಾತ್ರ ತಪ್ಪಿರಲಿಲ್ಲ. ಹುಲ್ಲು ಕಡಿಮೆ ಆಯಿತಲ್ಲ ಅಂತ ಇನ್ನರ್ಧ ಚೀಲ ಜಾಸ್ತಿ ಸುರಿದೆ. ಅಲ್ಲೇ ಎಡವಿದ್ದು.

ಕೊನೆಗೆ ಮಣ್ಣು ಪರೀಕ್ಷೆ ಮಾಡಿಸಿದೆ. ಮಣ್ಣಿನ ಹುಳಿ ಅಳೆಯುವ ಪಿಎಚ್ 5.3. ಏಳು ಅಂದರೆ ಸಮ, ಅದಕ್ಕಿಂತ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು. ನಮ್ಮ ಮಸಾರಿ ಅಂದರೆ ಕೆಂಪು ಮಣ್ಣಲ್ಲಿ ಹುಳಿ ಹೆಚ್ಚಾದರೆ ಕಬ್ಬಿಣ, ಅಲ್ಯೂಮಿನಿಯಂ ಎರಡೂ ಸೇರಿ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ರಂಜಕದ ಗೊಬ್ಬರ ಡಿಎಪಿ ಹಾಕಿದ್ದೇವೆ ಅನ್ನುವ ಸಮಾಧಾನ ನಮಗೆ, ಬೇರಿಗೆ ಏನೂ ಇಲ್ಲ.

ಹುಳಿ ಎಲ್ಲಿಂದ ಬಂತು? ಹುಳಿ ಮುರಿಯುವುದು ಮಣ್ಣಿನ ಸುಣ್ಣ, ಅದನ್ನು ಮಳೆ ತೊಳೆದು ಒಯ್ಯುತ್ತದೆ. ಹುಲ್ಲು ಕೊಯ್ದು ಮನೆಗೆ ತಂದಾಗ ಅದರ ಜೊತೆಗೂ ಸುಣ್ಣದಂಶ ಬರುತ್ತದೆ. ಮೇಯಿಸಿದರೆ ಸಗಣಿಯಾಗಿಯಾದರೂ ಹೊಲಕ್ಕೇ ಬೀಳುತ್ತಿತ್ತು. ಮೂರನೆಯದು ಯೂರಿಯಾ. 45 ಕೆಜಿ ಚೀಲದಲ್ಲಿ ಸಾರಜನಕ 20 ಕೆಜಿ ಚಿಲ್ಲರೆ. ಅದರ ಹುಳಿ ಮುರಿಯಲು ಸುಮಾರು 37 ಕೆಜಿ ಸುಣ್ಣಕಲ್ಲಿನ ಪುಡಿ ಬೇಕು. ಈ ಚಿಲ್ಲರೆಯನ್ನು ನಾನು ಹೊಲಕ್ಕೆ ವಾಪಸ್ ಕೊಟ್ಟೇ ಇರಲಿಲ್ಲ.

ವರದಿ ನೋಡಿದವರು ಎಕರೆಗೆ ಎಂಟು ಕ್ವಿಂಟಲ್ ಸುಣ್ಣಕಲ್ಲಿನ ಪುಡಿ ಹಾಕಿ ಅಂದರು. ನಿಂತ ಹುಲ್ಲಲ್ಲವೇ, ಉತ್ತು ಬೆರೆಸುವ ಹಾಗಿಲ್ಲ. ಮೇಲೆ ಹಾಕಿದ ಪುಡಿ ಬಹಳ ನಿಧಾನವಾಗಿ ಕೆಳಗೆ ಇಳಿಯುತ್ತದೆ. ಹಾಗಾಗಿ ಎರಡು ವರ್ಷಕ್ಕೆ ನಾಲ್ಕು ನಾಲ್ಕು ಕ್ವಿಂಟಲ್. ಎಕರೆಗೆ 40 ಗುಂಟೆ, ಅಂದರೆ ಗುಂಟೆಗೆ ಹತ್ತು ಕೆಜಿ. ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಹಗ್ಗ ಅಳೆದು ಗೂಟ ಹೊಡೆದೆ. ಐದು ಕೆಜಿ ಉದ್ದಕ್ಕೆ, ಐದು ಕೆಜಿ ಅಡ್ಡಕ್ಕೆ. ಪಕ್ಕದ ಹೊಲದವರು ನಕ್ಕರು. ನಗಲಿ.

ಮೊದಲ ಸಲ ಅಂಗಡಿಯವನು ಸುಟ್ಟ ಸುಣ್ಣ ಕೊಟ್ಟುಬಿಟ್ಟಿದ್ದ. ಬೆವರಿದ ಕೈಗೆ ತಾಗಿ ಚರ್ಮ ಸುಲಿಯಿತು. ಅದರ ಜೋರೂ ಹೆಚ್ಚು, ನೂರು ಕೆಜಿ ಪುಡಿಯ ಕೆಲಸವನ್ನು 56 ಕೆಜಿಯಲ್ಲೇ ಮುಗಿಸುತ್ತದೆ. ಅದನ್ನು ವಾಪಸ್ ಕೊಟ್ಟು ಸುಣ್ಣಕಲ್ಲಿನ ನಯವಾದ ಪುಡಿ ತಂದೆ. ಹರಳು ಹರಳಾಗಿದ್ದರೆ ವರ್ಷಗಟ್ಟಲೆ ಸುಮ್ನೆ ಬಿದ್ದಿರುತ್ತದೆ. ಮಿರ್ಗ (ಮೃಗಶಿರಾ) ಮಳೆ ಹಿಡಿಯುವ ಮೊದಲು, ಗಾಳಿ ಇಲ್ಲದ ಬೆಳಗಿನಲ್ಲಿ, ಮೂಗಿಗೆ ಟವೆಲ್ ಕಟ್ಟಿಕೊಂಡು ಎರಚಿದೆ. ಅದೇ ವಾರ ಯೂರಿಯಾ ಹಾಕಬಾರದು. ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ನಾನು ಒಂದು ಮೂಲೆಯಲ್ಲಿ ಹಾಕಿ ನೋಡಿದೆ. ಬಸ್‌ಸ್ಟ್ಯಾಂಡಿನ ಶೌಚಾಲಯದ ವಾಸನೆಯೇ.

ಮೊದಲ ವರ್ಷ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಎರಡನೇ ವರ್ಷ ಮುಗಿದ ಮೇಲೆ ಪಿಎಚ್ 5.8. ಬಣವಿ ಒಂದೂವರೆಗೆ ಬಂದಿದೆ. ಅಂಚಿನಲ್ಲಿ ಮೇವಿಗೆ ಹಾಕಿದ್ದ ಕುದುರೆ ಮೆಂತೆ (ಲೂಸರ್ನ್) ಮಾತ್ರ ಏಳಲೇ ಇಲ್ಲ. ಅದಕ್ಕೆ ಇನ್ನೂ ಸಮದ ಮಣ್ಣು ಬೇಕು.

ಈ ಸುದ್ದಿ ಅಣ್ಣಿಗೇರಿಯ ಭಾವನಿಗೆ ಮುಟ್ಟಿತು. 'ಉಳಿದಿದ್ದರೆ ನನಗೂ ಎರಡು ಚೀಲ ಇಡು' ಅಂತ ಫೋನು. ಅವನದು ಎರಿ ಹೊಲ, ಕಪ್ಪು ಮಣ್ಣು. ಹುಬ್ಬಳ್ಳಿಯ ಪಡುವಣಕ್ಕೆ ನಾವು, ಮೂಡಣಕ್ಕೆ ಅವನು, ಜಿಲ್ಲೆ ಒಂದೇ. ಆದರೆ ಅವನ ಮಣ್ಣಿನ ಪಿಎಚ್ ಎಂಟು ದಾಟಿದೆ. ಅಲ್ಲಿಗೆ ಸುಣ್ಣ ಹಾಕಿದರೆ ಕಬ್ಬಿಣ, ಸತುವು ಇನ್ನಷ್ಟು ಕಟ್ಟಿಹೋಗಿ ಶೇಂಗಾ ಹಳದಿಯಾಗುತ್ತದೆ. ಹೇಳಿದರೆ ನಂಬಲಿಲ್ಲ. 'ನಿನ್ನ ಹೊಲದ ಬಿಳಿ ಹರಳು ಒಂದು ತಗೊಂಡು ಲಿಂಬೆಹಣ್ಣು ಹಿಂಡಿ ನೋಡು, ಬುರುಗು ಬಂದರೆ ಅದು ಸುಣ್ಣವೇ' ಅಂದೆ.

ಹತ್ತು ನಿಮಿಷಕ್ಕೆ ವಾಪಸ್ ಫೋನು ಬಂತು. 'ಏ, ಸೋಡಾ ಬಾಟ್ಲಿ ಹಾಂಗ ಬುರುಗು ಬಂತಲ್ಲೋ!'

ಆ ಎರಡು ಚೀಲ ಇನ್ನೂ ದನದ ಕೊಟ್ಟಿಗೆಯಲ್ಲೇ ಇವೆ. ಕೋಳಿ ಮೊಟ್ಟೆ ಇಡುತ್ತಿದೆ.