ಲಾರಿಗೆ ಸೆರಾಮಿಕ್ ಕೋಟಿಂಗ್: ನೀರು ಸುರಿದು ತೋರಿಸುವ ಮೊದಲು ಕೇಳಬೇಕಾದದ್ದು

ಸೆರಾಮಿಕ್ ಕೋಟಿಂಗ್ ಅಂದರೆ ಪೇಂಟಿನ ಮೇಲೆ ಹಚ್ಚುವ, ಒಣಗಿ ಗಟ್ಟಿಯಾಗುವ ತೆಳು ಪಾರದರ್ಶಕ ಪದರ. ಬಾಗಿಲಿನ ಅರ್ಧಕ್ಕೆ ಅದನ್ನು ಹಚ್ಚಿ, ಇನ್ನರ್ಧ ಹಾಗೇ ಬಿಟ್ಟು, ಒಂದು ಮಗ್ ನೀರು ಸುರಿದರೆ ಸಾಕು. ಒಂದು ಕಡೆ ನೀರು ಹರಡಿಕೊಂಡು ನಿಲ್ಲುತ್ತದೆ, ಇನ್ನೊಂದು ಕಡೆ ಮುತ್ತಿನ ಹಾಗೆ ಗುಂಡಗಾಗಿ ಜಾರುತ್ತದೆ. ನೋಡಿದವರು ಅಲ್ಲೇ ಒಪ್ಪಿಬಿಡುತ್ತಾರೆ. ವಾಹನಗಳಿಗೆ ಪಾಲಿಶ್ ಮತ್ತು ಕೋಟಿಂಗ್ ಮಾಡುವುದು ನನ್ನ ಕೆಲಸ. ಹೆಚ್ಚಾಗಿ ಬರುವುದು ಕಾರುಗಳು. ಲಾರಿ ಬಂದರೂ ನಾನು ಅದೇ ಮಗ್ ನೀರು ಸುರಿದು, ಕಾರಿನವರಿಗೆ ಹೇಳಿದ್ದನ್ನೇ ಹೇಳುತ್ತಿದ್ದೆ. ಅದು ಸಾಲದು ಅಂತ ಗೊತ್ತಾಗಿದ್ದು ಕಡುನೀಲಿ ಕ್ಯಾಬಿನ್ನಿನ ಒಂದು ಲಾರಿಯಿಂದ.

ಹೊಸ ಗಾಡಿ. ಮಾಲೀಕರೇ ಓಡಿಸುತ್ತಿದ್ದರು, ಇದ್ದದ್ದು ಅದೊಂದೇ. ಮೂರು ದಿನ ನಿಲ್ಲಿಸಿಕೊಂಡು ಕ್ಯಾಬಿನ್ ಪೂರ್ತಿ ಕೋಟಿಂಗ್ ಮಾಡಿ ಕೊಟ್ಟೆ. ಐದು ತಿಂಗಳಿಗೆ ವಾಪಸ್ ಬಂದರು. ಅವರು ಕೂಗಾಡಲಿಲ್ಲ. "ನೀರು ಜಾರ್ತಾ ಇಲ್ಲ ಸರ್, ನೀವೇ ನೋಡಿ" ಅಂದರು. ಆಮೇಲೆ ಬಂಪರಿನ ಹತ್ತಿರ ಕರೆದುಕೊಂಡು ಹೋಗಿ, ಕಲ್ಲು ಬಡಿದು ಪೇಂಟ್ ಎದ್ದ ಏಳೆಂಟು ಜಾಗಗಳನ್ನು ಬೆರಳಿಟ್ಟು ತೋರಿಸಿದರು. "ಕಲ್ಲು ಬಡಿದ್ರೂ ಏನಾಗಲ್ಲ ಅಂದ್ಕೊಂಡಿದ್ದೆ."

ಹಾಗಂತ ನಾನು ಹೇಳಿರಲಿಲ್ಲ. ಆದರೆ ಆಗುತ್ತದೆ ಅಂತಲೂ ಹೇಳಿರಲಿಲ್ಲ. "9ಎಚ್ ಗಟ್ಟಿ" ಅಂದಿದ್ದೆ, ಅಷ್ಟೇ. ಕೇಳಿದವರಿಗೆ ಅದು ಕವಚದ ಹಾಗೆ ಕೇಳಿಸಿದರೆ ತಪ್ಪು ಯಾರದು?

ಈ 9ಎಚ್ ಅನ್ನುವುದು ಪೆನ್ಸಿಲ್ ಪರೀಕ್ಷೆಯ ಅಳತೆ. ಬೇರೆ ಬೇರೆ ಗಡಸಿನ ಪೆನ್ಸಿಲ್‌ಗಳಿಂದ ಗೀರಿ, ಯಾವುದಕ್ಕೆ ಗೀರು ಬೀಳುತ್ತದೆ ಅಂತ ನೋಡುತ್ತಾರೆ. ಆ ಪೆನ್ಸಿಲ್‌ಗಳಲ್ಲಿ 9ಎಚ್ ತುಂಬಾ ಗಟ್ಟಿಯದು, ಸರಿ. ಆದರೆ ಟೈರಿನಿಂದ ಸಿಡಿದು ಬರುವ ಜಲ್ಲಿಕಲ್ಲು ಪೆನ್ಸಿಲ್ ಅಲ್ಲವಲ್ಲ. ಕೋಟಿಂಗಿನ ದಪ್ಪವನ್ನೂ ನೋಡಿ. ಒಣಗಿದ ಮೇಲೆ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್). ಅದರ ಕೆಳಗಿನ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿರುವ ಪೇಂಟಿನದೇ ಪಾರದರ್ಶಕ ಪದರ, ಸುಮಾರು 40 ಮೈಕ್ರಾನ್ ಇರುತ್ತದೆ. ತಲೆಕೂದಲು ಇನ್ನೂ ದಪ್ಪ. ಕಲ್ಲಿನ ಏಟು ತಡೆಯಬೇಕಾದರೆ ಪೇಂಟ್ ಮೇಲೆ ಅಂಟಿಸುವ ಪಾರದರ್ಶಕ ಫಿಲ್ಮ್ ಬೇಕು. ಅದು 150ರಿಂದ 200 ಮೈಕ್ರಾನ್ ದಪ್ಪ, ಏಟು ಬಿದ್ದರೆ ತಾನು ಸ್ವಲ್ಪ ಕುಗ್ಗಿ ತಡೆದುಕೊಳ್ಳುತ್ತದೆ. ಕೋಟಿಂಗ್ ಮಾಡುವ ಕೆಲಸವೇ ಬೇರೆ. ಕೊಳೆ ಗಟ್ಟಿಯಾಗಿ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ, ತೊಳೆಯುವುದು ಸುಲಭವಾಗುತ್ತದೆ, ಹೊಳಪು ಉಳಿಯುತ್ತದೆ. ಇಷ್ಟು ನಿಜವಾಗಿಯೂ ಸಿಗುತ್ತದೆ. ಇದಕ್ಕಿಂತ ಜಾಸ್ತಿ ಹೇಳಬಾರದು.

ನೀಲಿ ಲಾರಿಗೆ ಬರುತ್ತೇನೆ. ಬಾಗಿಲ ಮೇಲೆ ಓರೆಯಾಗಿ ಟಾರ್ಚ್ ಹಿಡಿದೆ. ಬಿಳಿ ಉಂಗುರಗಳು ಕಂಡವು, ಕೆಲವು ಕಾಳಿನಷ್ಟು, ಕೆಲವು ಗುಂಡಿಯಷ್ಟು. ಗಡಸು ನೀರಿನ ಕಲೆ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ನೀರು ಆರಿದ ಮೇಲೆ ಅಲ್ಲೇ ಉಳಿದುಬಿಡುತ್ತವೆ. ಕೋಟಿಂಗ್ ಇದ್ದರೆ ಹನಿ ಎತ್ತರಕ್ಕೆ ಗುಂಡಗೆ ನಿಲ್ಲುತ್ತದಲ್ಲ, ಹಾಗಾಗಿ ಕಲೆಯೂ ಒಂದೇ ಕಡೆ ಒತ್ತಾಗಿ ಕೂರುತ್ತದೆ. ಮಾರುವಾಗ ತೋರಿಸುವ ಅದೇ ಗುಂಡು ಹನಿ, ಬಿಸಿಲಲ್ಲಿ ಒರೆಸದೆ ಬಿಟ್ಟರೆ ಹೀಗೆ ಮಾಡುತ್ತದೆ. ಉಂಗುರಗಳ ನಡುವೆ ಉದ್ದಕ್ಕೆ ಸಣ್ಣ ಸಣ್ಣ ಗೀರುಗಳು. ಗಟ್ಟಿ ಬ್ರಷ್ಷಿನವು.

"ಎಲ್ಲಿ ತೊಳೆಸ್ತೀರಿ?" ಅಂತ ಆಗ ಕೇಳಿದೆ. ಲೋಡ್ ಇಳಿಸುವ ಕಡೆಯೇ ಯಾರೋ ತೊಳೆದು ಕೊಡುತ್ತಾರಂತೆ. ನೊರೆ ಚಿಮುಕಿಸಿ, ಉದ್ದ ಹಿಡಿಯ ಬ್ರಷ್ಷಿನಲ್ಲಿ ತಿಕ್ಕಿ, ನೀರು ಹೊಡೆದು ಬಿಡುತ್ತಾರೆ. ಒರೆಸುವುದಿಲ್ಲ. ಆ ನೊರೆ ಎಣ್ಣೆ ಜಿಡ್ಡು ತೆಗೆಯುವ ತೀಕ್ಷ್ಣ ಕ್ಷಾರದ್ದು. ವಾರಕ್ಕೊಮ್ಮೆ ಅದು ಬಿದ್ದರೆ ಕೋಟಿಂಗ್ ಬೇಗ ಸವೆಯುತ್ತದೆ. ಈ ಪ್ರಶ್ನೆಯನ್ನು ಐದು ತಿಂಗಳ ಹಿಂದೆ ಕೇಳಿದ್ದರೆ ಒಂದೇ ನಿಮಿಷದ ಮಾತಾಗಿತ್ತು.

ಕೋಟಿಂಗ್ ಪೂರ್ತಿ ಹೋಗಿದೆ ಅಂತಲೇ ನಾನೂ ಅಂದುಕೊಂಡಿದ್ದೆ. ಆದರೂ ಒಂದು ಬಾಗಿಲನ್ನು ಮೊದಲು ಮೆತ್ತನೆಯ ಶಾಂಪೂವಿನಲ್ಲಿ ತೊಳೆದು, ಕಬ್ಬಿಣದ ಕಣ ಕರಗಿಸುವ ದ್ರಾವಣ ಚಿಮುಕಿಸಿದೆ. ಎರಡು ನಿಮಿಷಕ್ಕೆ ಬಾಗಿಲ ಕೆಳಭಾಗದಲ್ಲಿ ನೇರಳೆ ಬಣ್ಣದ ಗೆರೆಗಳು ಇಳಿದವು. ಬ್ರೇಕಿನ ಪುಡಿ ಅಷ್ಟು ಕೂತಿತ್ತು. ತೊಳೆದು, ಖನಿಜದ ಕಲೆ ತೆಗೆಯುವ ದ್ರಾವಣವನ್ನೂ ಹಾಕಿ ತೊಳೆದೆ. ಮತ್ತೆ ಮಗ್ ನೀರು ಸುರಿದೆ. ಬಾಗಿಲ ಮೇಲ್ಭಾಗದಲ್ಲಿ ನೀರು ಗುಂಡಗಾಗಿ ಜಾರಿತು. ಕೆಳಭಾಗದಲ್ಲಿ ಮಾತ್ರ ಹರಡಿಕೊಂಡಿತು. ಅಂದರೆ ಮೇಲೆ ಕೋಟಿಂಗ್ ಇತ್ತು, ಕೊಳೆಯ ಪದರದ ಕೆಳಗೆ ಮುಚ್ಚಿಹೋಗಿತ್ತು. ನೀರು ಜಾರುವುದು ನಿಂತ ಕೂಡಲೇ ಹೊಸದಾಗಿ ಹಚ್ಚಲು ದುಡ್ಡು ಕೊಡಬೇಡಿ. ಮೊದಲು ಸರಿಯಾಗಿ ತೊಳೆಸಿ ನೋಡಿ.

ಅಂದಿನಿಂದ ಲಾರಿ ಬಂದರೆ ಮಗ್ ಆಮೇಲೆ. ಮೊದಲು, ಗಾಡಿ ಯಾರು ತೊಳೆಯುತ್ತಾರೆ, ಯಾವುದರಲ್ಲಿ? ಬ್ರಷ್ಷು ಮತ್ತು ಕ್ಷಾರದ ನೊರೆ ಬಿಟ್ಟು ಬೇರೆ ದಾರಿ ಇಲ್ಲ ಅಂದರೆ, ಬೇಡ ಅಂತ ಹೇಳುತ್ತೇನೆ. ವರ್ಷಕ್ಕೆ ಕೆಲವು ಸಲ ಒಳ್ಳೆಯ ಸೀಲೆಂಟ್ (ಮೇಣದ ಹಾಗೆ ಹಚ್ಚುವ ರಕ್ಷಣೆಯ ಪದರ) ಹಚ್ಚಿಸಿಕೊಳ್ಳಲಿ. ಅದು ಕೆಲವು ತಿಂಗಳಷ್ಟೇ ಬಾಳುತ್ತದೆ, ಆದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಆಮೇಲೆ, ಗಾಡಿಯನ್ನು ಎಷ್ಟು ದಿನ ನಿಲ್ಲಿಸಬಹುದು? ಕಾರಿನವರಿಗೆ ಇದು ದೊಡ್ಡ ವಿಷಯವಲ್ಲ. ಲಾರಿ ನಿಂತರೆ ಬಾಡಿಗೆ ನಿಲ್ಲುತ್ತದೆ. ತೊಳೆದು, ಅಂಟಿದ ಕೊಳೆ ಎತ್ತುವ ಮೆತ್ತನೆಯ ಕ್ಲೇ ಉಂಡೆ ಉಜ್ಜಿ, ಪಾಲಿಶ್ ಮಾಡಿ, ಪಾಲಿಶಿನ ಎಣ್ಣೆಯ ಅಂಶವನ್ನು ಆಲ್ಕೋಹಾಲ್ ದ್ರಾವಣದಲ್ಲಿ ಒರೆಸಿ, ಆಮೇಲೆ ಕೋಟಿಂಗ್. ಹಚ್ಚಿದ ಮೇಲೆ ಮೊದಲ ದಿನ ನೀರು ತಾಗಬಾರದು. ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ವಾರ ಬೇಕು, ಅಲ್ಲಿವರೆಗೆ ಶಾಂಪೂ ಹಾಕಬಾರದು. ಕೋಟಿಂಗಿನ ಬೆಲೆಗೆ ನಿಂತ ದಿನಗಳ ಬಾಡಿಗೆಯನ್ನೂ ಸೇರಿಸಿ ಲೆಕ್ಕ ಹಾಕಿ ಅನ್ನುತ್ತೇನೆ. ಎಷ್ಟೋ ಜನ ಅಲ್ಲಿಗೇ ತೀರ್ಮಾನ ಮಾಡಿಬಿಡುತ್ತಾರೆ.

ಹಾಗಂತ ಯಾರಿಗೂ ಬೇಡ ಅಂತಲ್ಲ. ರಾತ್ರಿಯೆಲ್ಲ ಹೆದ್ದಾರಿಯಲ್ಲಿ ಓಡುವ ಗಾಡಿಯ ಮುಖದ ತುಂಬ ಹುಳ ಬಡಿದಿರುತ್ತವೆ. ಬಿಸಿಲಿಗೆ ಒಣಗಿದರೆ ಪೇಂಟನ್ನೇ ತಿನ್ನುತ್ತವೆ. ಕೋಟಿಂಗ್ ಇದ್ದರೆ ಅವು ನೆನೆಸಿದ ಬಟ್ಟೆಗೇ ಬಿಟ್ಟುಬರುತ್ತವೆ, ಉಗುರಿನಲ್ಲಿ ಕೆರೆಯಬೇಕಾಗಿಲ್ಲ. ಗಾಢ ಬಣ್ಣ, ಹೊಸ ಪೇಂಟ್, ಮಾಲೀಕರ ಕೈಯಲ್ಲೇ ತೊಳೆಯುವ ಕೆಲಸ ಇದ್ದರೆ ಧೈರ್ಯವಾಗಿ ಮಾಡಿಸಿ ಅನ್ನುತ್ತೇನೆ. ಕ್ಯಾಬಿನ್ ಮಾತ್ರ ಸಾಕು. ಸರಕು ತುಂಬುವ ಬಾಡಿಯ ಒಳಗೆ ಹಚ್ಚುವುದು ಸುಮ್ನೆ ದಂಡ. ಕಲ್ಲು, ಮಣ್ಣು ಸಾಗಿಸುವ ಟಿಪ್ಪರ್ ಆದರೆ ಕ್ಯಾಬಿನ್ನಿಗೂ ಯೋಚಿಸಬೇಕು. ತುಕ್ಕಿನ ಭಯಕ್ಕೆ ಮಾಡಿಸುವುದಾದರೆ ಬೇಡವೇ ಬೇಡ. ತುಕ್ಕು ಶುರುವಾಗುವುದು ಪೇಂಟ್ ಎದ್ದ ಜಾಗದಲ್ಲಿ, ತಗಡಿನ ಜೋಡಣೆಗಳಲ್ಲಿ, ಗಾಡಿಯ ಅಡಿಯಲ್ಲಿ. ಕೋಟಿಂಗ್ ಅಲ್ಲಿಗೆ ಹೋಗುವುದೇ ಇಲ್ಲ.

ಹಳೆಯ ಲಾರಿಗಳಲ್ಲಿ ಇನ್ನೊಂದು ವಿಷಯ. ಎಷ್ಟೋ ಕ್ಯಾಬಿನ್‌ಗಳಿಗೆ ಮೇಲೆ ಕ್ಲಿಯರ್ ಕೋಟ್ ಇರುವುದಿಲ್ಲ, ಬಣ್ಣವೇ ಮೇಲಿನ ಪದರ. ಪಾಲಿಶ್ ಪ್ಯಾಡಿಗೆ ಬಣ್ಣ ಹತ್ತಿದರೆ ಗೊತ್ತಾಗುತ್ತದೆ. ಮೊದಲ ಸಲ ಪ್ಯಾಡ್ ಕೆಂಪಾದಾಗ ಎದೆ ಧಸಕ್ಕೆಂದಿತ್ತು. ಅಂಥ ಪೇಂಟಿಗೂ ಕೋಟಿಂಗ್ ಹಚ್ಚಬಹುದು, ಆದರೆ ಪುಡಿಯಾಗಿ ಸತ್ತ ಪದರವನ್ನು ಮೊದಲು ತೆಗೆಯಲೇಬೇಕು. ಇಲ್ಲದಿದ್ದರೆ ಪುಡಿಯ ಮೇಲೆ ಹಚ್ಚಿದ ಹಾಗೆ.

ಹೆಸರು, ಫೋನ್ ನಂಬರ್ ಸ್ಟಿಕ್ಕರ್ ಹಾಕಿಸುವುದಿದ್ದರೆ ಕೋಟಿಂಗಿಗೆ ಮೊದಲೇ ಹಾಕಿಸಿ. ಕೋಟಿಂಗ್ ಮೇಲೆ ಅಂಟು ಸರಿಯಾಗಿ ಕೂರುವುದಿಲ್ಲ, ಮೂಲೆಗಳು ಏಳುತ್ತವೆ.

ನೀಲಿ ಲಾರಿಯವರು ಮತ್ತೆ ಕೋಟಿಂಗ್ ಮಾಡಿ ಅಂದರು. ಈಗ ಬೇಡ ಅಂದೆ. ಕಲೆ ತೆಗೆದು, ಎದ್ದ ಜಾಗಗಳಿಗೆ ಟಚಪ್ ಪೇಂಟ್ ಮುಟ್ಟಿಸಿದೆ. ಈ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಎರಡು ಬಕೆಟ್, ಒಂದು ಮೈಕ್ರೋಫೈಬರ್ ಕೈಗವಸು, ದೊಡ್ಡ ಒರೆಸುವ ಬಟ್ಟೆ ಇಟ್ಟುಕೊಂಡು, ಮೇಲಿಂದ ಕೆಳಕ್ಕೆ ತೊಳೆಯುವುದು, ಒಂದು ಬಕೆಟ್ಟಿನಲ್ಲಿ ಕೈಗವಸಿನ ಕೊಳೆ ಬಿಡುವುದು, ಬಿಸಿಲಿಗೆ ಬಿಡದೆ ಒರೆಸುವುದು, ಇಷ್ಟನ್ನೂ ಅವರ ಕೈಯಲ್ಲೇ ಒಂದು ಬಾಗಿಲಿಗೆ ಮಾಡಿಸಿದೆ. ಇನ್ನೊಂದು ಬಾಗಿಲನ್ನು ಅವರು ನನ್ನನ್ನು ಕೇಳದೆ ತಾವೇ ತೊಳೆಯಲು ಶುರು ಮಾಡಿದರು.