ರೋರಿ ಗ್ಯಾಲಹರ್: ಯಾವ ಆಲ್ಬಮ್ ಮೊದ್ಲು ಅನ್ನೋ ಜಗಳ

ನಮ್ಮ ಗ್ಯಾಂಗಲ್ಲಿ ಐರಿಶ್ ಬ್ಲೂಸ್-ರಾಕ್ ಗಿಟಾರಿಸ್ಟ್ ರೋರಿ ಗ್ಯಾಲಹರ್ ಹೆಸರೆತ್ತಿದ್ರೆ ಮುಗೀತು, ತಟ್ಟೇಲಿರೋ ಊಟ ಆರಿ ಹೋದ್ರೂ ಜಗಳ ನಿಲ್ಲಲ್ಲ. ಒಬ್ಬನಿಗೆ ‘ಡ್ಯೂಸ್’ ಬಿಟ್ರೆ ಬೇರೆ ಆಲ್ಬಮ್ಮೇ ಇಲ್ಲ, ಇನ್ನೊಬ್ಬ ‘ಟ್ಯಾಟೂ’ ಅಂತಾನೆ, ಈಗೀಗ ಯೂಟ್ಯೂಬ್ ನೋಡಿ ಹುಚ್ಚು ಹಿಡಿಸ್ಕೊಂಡಿರೋ ಹುಡುಗ ಒಬ್ಬ ಇದಾನೆ, ಅವನಿಗೆ ಆಲ್ಬಮ್ ಗಿಲ್ಬಮ್ ಏನೂ ಬೇಡ, 1977ರ ‘ರಾಕ್‌ಪಲಾಸ್ಟ್’ ಟಿವಿ ಶೋ ವಿಡಿಯೋ ಒಂದಿದ್ರೆ ಸಾಕು. ನಾನು ಹೇಳೋದಿಷ್ಟೇ: ಈ ಮನುಷ್ಯನ ವಿಷಯದಲ್ಲಿ ಬೆಸ್ಟ್ ಆಲ್ಬಮ್ ಯಾವ್ದು ಅಂತ ಕೇಳೋಕ್ ಮುಂಚೆ ಒಂದೇ ಹಾಡನ್ನ ಎರಡು ಸಲ ಕೇಳಿ, ಮೊದ್ಲು ಸ್ಟುಡಿಯೋದ್ದು, ಆಮೇಲೆ ಸ್ಟೇಜಿಂದು. ಆಗ ಅರ್ಧ ಜಗಳ ತಾನಾಗೇ ಇತ್ಯರ್ಥ ಆಗುತ್ತೆ.

ಹೊಸಬರಿಗೆ ಚೂರು ಹಿನ್ನೆಲೆ. ರೋರಿ ಹುಟ್ಟಿದ್ದು 1948ರಲ್ಲಿ ಐರ್ಲೆಂಡಿನ ಡೊನಿಗಾಲ್ ಕಡೆಯ ಬ್ಯಾಲಿಶಾನನ್ ಅನ್ನೋ ಊರಲ್ಲಿ, ಬೆಳೆದಿದ್ದು ಕಾರ್ಕ್‌ನಲ್ಲಿ. ಮೀಸೆ ಮೂಡೋ ವಯಸ್ಸಲ್ಲೇ ಶೋಬ್ಯಾಂಡ್ (ಜನ ಕುಣಿಯೋಕೆ ಹಿಟ್ ಹಾಡು ಬಾರಿಸೋ ಐರಿಶ್ ಬ್ಯಾಂಡ್) ಒಂದಕ್ಕೆ ಸೇರ್ಕೊಂಡು ಡ್ಯಾನ್ಸ್ ಹಾಲ್‌ಗಳಲ್ಲಿ ಬಾರಿಸ್ತಿದ್ದ, ಆಮೇಲೆ ‘ಟೇಸ್ಟ್’ ಅಂತ ಸ್ವಂತ ಬ್ಯಾಂಡ್ ಕಟ್ಟಿ 1970ರ ಐಲ್ ಆಫ್ ವೈಟ್ ಫೆಸ್ಟಿವಲ್‌ನಲ್ಲಿ ಹೆಸರು ಮಾಡಿದ, ಅದೇ ವರ್ಷ ಬ್ಯಾಂಡ್ ಒಡೆದೂ ಹೋಯ್ತು, 1971ರಿಂದ ಸ್ವಂತ ಹೆಸರಲ್ಲೇ ಆಲ್ಬಮ್ಮು. ಚೆಕ್ಸ್ ಶರ್ಟು, ಉದ್ದ ಕೂದ್ಲು, ಬಣ್ಣ ಎಲ್ಲಾ ಕಿತ್ತು ಮರ ಕಾಣೋ ಒಂದು ಸ್ಟ್ರಾಟೋಕಾಸ್ಟರ್ ಎಲೆಕ್ಟ್ರಿಕ್ ಗಿಟಾರು, ಇಷ್ಟೇ ಅವನ ಶೋ. ಸಿಂಗಲ್ಸ್ ಅಂದ್ರೆ ಅವನಿಗೆ ಆಗ್ತಿರ್ಲಿಲ್ಲ, ರೇಡಿಯೋಗೋಸ್ಕರ ಹಾಡು ಕತ್ತರಿಸೋದಂತೂ ದೂರದ ಮಾತು. ಹಿಟ್ ಲಿಸ್ಟಲ್ಲಿ ಹುಡುಕಿದ್ರೆ ಇವನು ಸಿಗಲ್ಲ ಬಿಡಿ.

ಸರಿ, ಆ ಎರಡು ಸಲ ಕೇಳೋ ವಿಷಯಕ್ಕೆ ಬರ್ತೀನಿ. ‘ಎ ಮಿಲಿಯನ್ ಮೈಲ್ಸ್ ಅವೇ’ ತಗೊಳ್ಳಿ. 1973ರ ‘ಟ್ಯಾಟೂ’ ಆಲ್ಬಮ್ಮಲ್ಲಿ ಅದು ಸುಮಾರು ಏಳು ನಿಮಿಷ, ಚೆನ್ನಾಗೇ ಇದೆ, ತಪ್ಪು ಹುಡುಕೋಕಾಗಲ್ಲ. ಅದನ್ನೇ ಮುಂದಿನ ವರ್ಷ ಬಂದ ‘ಐರಿಶ್ ಟೂರ್ 74’ ಲೈವ್ ಆಲ್ಬಮ್ಮಲ್ಲಿ ಕೇಳಿ, ಒಂಬತ್ತು ನಿಮಿಷ ದಾಟುತ್ತೆ, ಮಧ್ಯದಲ್ಲಿ ಬ್ಯಾಂಡ್ ಹಾಗೇ ತಣ್ಣಗಾಗ್ತಾ ಬಂದು ಗಿಟಾರ್ ಪಿಸುಗುಟ್ಟೋ ಮಟ್ಟಕ್ಕೆ ಇಳಿಯುತ್ತೆ, ಆಮೇಲೆ ಅಲ್ಲಿಂದ ಮೆಲ್ಲಗೆ ಏರಿಸ್ಕೊಂಡು ಹೋಗ್ತಾನೆ ನೋಡಿ, ಲೂ ಮಾರ್ಟಿನ್ ಕೀಬೋರ್ಡಲ್ಲಿ ಹಿಂದಿಂದೆ, ಬಾಸ್‌ನಲ್ಲಿ ಜೆರಿ ಮೆಕಾವಾಯ್, ಒಬ್ಬರೂ ಅವಸರ ಮಾಡಲ್ಲ. ನಮ್ಮ ಸಂಗೀತ ಕಚೇರಿಲಿ ಒಳ್ಳೆ ವಿದ್ವಾಂಸರು ಪಲ್ಲವಿಗೆ ನೆರವಲ್ ಮಾಡೋವಾಗ ಇರುತ್ತಲ್ಲ, ಸಾಹಿತ್ಯ ಅದೇ ಆದ್ರೆ ಇವತ್ತಿನ ದಾರಿ ನಾಳೆಗಿಲ್ಲ, ಆ ತರ. ‘ವಾಕ್ ಆನ್ ಹಾಟ್ ಕೋಲ್ಸ್’ ಕಥೆನೂ ಅದೇ, ‘ಬ್ಲೂಪ್ರಿಂಟ್’ ಆಲ್ಬಮ್ಮಲ್ಲಿ ಏಳು ನಿಮಿಷ ಇದ್ದಿದ್ದು ಇಲ್ಲಿ ಹನ್ನೊಂದು. ಉದ್ದ ಆಗಿದ್ದಕ್ಕೆ ಚೆನ್ನಾಗಿದೆ ಅಂತಲ್ಲ (ಆ ಕಾಲದಲ್ಲಿ ಸುಮ್ ಸುಮ್ನೆ ಎಳೆದೋರು ಎಷ್ಟು ಜನ ಬೇಕು), ಎಳೆದ ಪ್ರತಿ ನಿಮಿಷದಲ್ಲೂ ಏನೋ ಒಂದು ನಡೀತಿರುತ್ತೆ.

ಈ ಐರಿಶ್ ಟೂರ್ ರೆಕಾರ್ಡ್ ಆಗಿದ್ದು 1974ರ ಜನವರಿಲಿ, ಬೆಲ್ಫಾಸ್ಟ್‌ನ ಅಲ್ಸ್ಟರ್ ಹಾಲ್, ಡಬ್ಲಿನ್‌ನ ಕಾರ್ಲ್ಟನ್ ಸಿನಿಮಾ, ಆಮೇಲೆ ಕಾರ್ಕ್ ಸಿಟಿ ಹಾಲ್. ಆಗ ಉತ್ತರ ಐರ್ಲೆಂಡಲ್ಲಿ ಕ್ಯಾಥೊಲಿಕ್-ಪ್ರಾಟೆಸ್ಟೆಂಟ್ ಕಿತ್ತಾಟದಲ್ಲಿ ಬಾಂಬು ಗುಂಡು ದಿನಾ ಇದ್ದಿದ್ದೇ, ದೊಡ್ಡ ದೊಡ್ಡ ಬ್ಯಾಂಡ್‌ಗಳು ಬೆಲ್ಫಾಸ್ಟ್ ಅಂದ್ರೆ ಬೇಡಪ್ಪಾ ಅಂತಿದ್ವು. ಇವನು ಮಾತ್ರ ಹೋಗೋದು ಬಿಡ್ಲಿಲ್ಲ, ಕ್ಯಾಥೊಲಿಕ್ ಹುಡುಗ್ರೂ ಪ್ರಾಟೆಸ್ಟೆಂಟ್ ಹುಡುಗ್ರೂ ಒಂದೇ ಹಾಲಲ್ಲಿ ಬೆವರು ಸುರಿಸ್ಕೊಂಡು ಕುಣೀತಿದ್ರು. ಆ ಭಯ ಸುಮ್ನೆ ಹುಟ್ಟಿದ್ದಲ್ಲ, 1975ರ ಜುಲೈಲಿ ‘ಮಯಾಮಿ ಶೋಬ್ಯಾಂಡ್’ ಅನ್ನೋ ಐರಿಶ್ ಬ್ಯಾಂಡಿನ ವ್ಯಾನನ್ನ ರಾತ್ರಿ ರಸ್ತೇಲಿ ನಿಲ್ಲಿಸಿ ಮೂರು ಜನ ಕಲಾವಿದರನ್ನ ಕೊಂದ್ರು. ರೋರಿ ರಾಜಕೀಯ ಭಾಷಣ ಮಾಡಿದೋನಲ್ಲ, ಬರ್ತೀನಿ ಅಂದ ದಿನ ಬಂದು ಬಾರಿಸ್ತಿದ್ದ, ಅಷ್ಟೇ. 2014ರಲ್ಲಿ ಈ ಟೂರಿನ ದೊಡ್ಡ ಬಾಕ್ಸ್ ಸೆಟ್ ಬಂತು, ಮೂರೂ ಊರಿನ ಶೋ ಬೇರೆ ಬೇರೆಯಾಗಿ ಕೇಳ್ಬಹುದು, ನನ್ನ ಓಟು ಕಾರ್ಕ್‌ಗೆ, ತವರೂರಿನ ಜನ ಅಲ್ವಾ.

ಲೈವ್‌ನಲ್ಲಿ ಎರಡನೇದು ಯಾವ್ದು ಅಂದ್ರೆ ಎಲ್ರೂ 1972ರ ‘ಲೈವ್ ಇನ್ ಯೂರೋಪ್’ ಅಂತಾರೆ. ‘ಗೋಯಿಂಗ್ ಟು ಮೈ ಹೋಮ್ ಟೌನ್’ನಲ್ಲಿ ಮ್ಯಾಂಡೊಲಿನ್ ಹಿಡ್ಕೊಂಡು ಒಬ್ಬನೇ ಇಡೀ ಹಾಲ್ ಕುಣಿಸೋದು ಕೇಳಿದ್ರೆ ಬೇಡ ಅನ್ನೋಕೆ ಮನಸ್ಸು ಬರಲ್ಲ. ಆದ್ರೂ ನಾನು 2020ರಲ್ಲಿ ಬಂದ ‘ಚೆಕ್ ಶರ್ಟ್ ವಿಝರ್ಡ್’ ಮುಂದಿಡ್ತೀನಿ. 1977ರಲ್ಲಿ ಇಂಗ್ಲೆಂಡಿನ ಲಂಡನ್, ಬ್ರೈಟನ್, ಶೆಫೀಲ್ಡ್, ನ್ಯೂಕಾಸಲ್‌ನಲ್ಲಿ ಮಾಡಿದ್ದ ರೆಕಾರ್ಡಿಂಗು, ಇಷ್ಟು ವರ್ಷ ಡಬ್ಬದಲ್ಲಿ ಕೂತಿತ್ತು! ಅಷ್ಟೊತ್ತಿಗೆ ಬ್ಯಾಂಡಿನ ನಾಲ್ಕೂ ಜನ ಒಟ್ಟಿಗೆ ಬಾರಿಸಿ ಬಾರಿಸಿ ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಾಗೋ ಹಾಗಾಗಿತ್ತು.

ಸ್ಟುಡಿಯೋ ಆಲ್ಬಮ್ ವಿಷಯಕ್ಕೆ ಬಂದ್ರೆ ನಾನು ಗ್ಯಾಂಗಿಗೆ ಉಲ್ಟಾ. ‘ಕಾಲಿಂಗ್ ಕಾರ್ಡ್’, 1976. ಮ್ಯೂನಿಕ್‌ನಲ್ಲಿ ರೆಕಾರ್ಡ್ ಮಾಡಿದ್ದು, ಪ್ರೊಡ್ಯೂಸರ್ ರೋಜರ್ ಗ್ಲೋವರ್, ಅದೇ ಡೀಪ್ ಪರ್ಪಲ್‌ನ ಬಾಸ್ ಗ್ಲೋವರ್, 2001ರಲ್ಲಿ ಬೆಂಗಳೂರಿಗೆ ಬಂದಿದ್ರಲ್ಲ ಅದೇ ಡೀಪ್ ಪರ್ಪಲ್. ಯಾವಾಗ್ಲೂ ತಾನೇ ಪ್ರೊಡ್ಯೂಸ್ ಮಾಡ್ಕೊಳ್ತಿದ್ದ ರೋರಿ ಹೊರಗಿನವನೊಬ್ಬನಿಗೆ ಜಾಗ ಕೊಟ್ಟಿದ್ದಕ್ಕೋ ಏನೋ, ಹಾಡುಗಳು ಹಾಡಿನ ತರ ಗಟ್ಟಿಯಾಗಿ ನಿಂತಿವೆ. ‘ಮೂನ್‌ಚೈಲ್ಡ್’ ರಿಫ್ ಎಲ್ರಿಗೂ ಗೊತ್ತು. ನನಗೆ ‘ಎಡ್ಜ್ಡ್ ಇನ್ ಬ್ಲೂ’ ಬೇಕು, ಸ್ಟುಡಿಯೋದಲ್ಲಿ ಮಾಡಿದ್ದೇ ಕೊನೇ ಮಾತು ಅನಿಸೋ ಅವನ ಹಾಡು ನನ್ನ ಪ್ರಕಾರ ಇದೊಂದೇ. ‘ಡ್ಯೂಸ್’ನ ಕೆಳಗೆ ಹಾಕ್ತಿದೀನಿ ಅಂತಲ್ಲ, ಅದರಲ್ಲಿರೋ ‘ಕ್ರೆಸ್ಟ್ ಆಫ್ ಎ ವೇವ್’ನ ಸ್ಲೈಡ್ ಗಿಟಾರ್ ಕೇಳಿ ಯಾರು ಸುಮ್ನಿರ್ತಾರೆ, ಸ್ಮಿತ್ಸ್ ಬ್ಯಾಂಡಿನ ಜಾನಿ ಮಾರ್ ಅಂಥೋನೇ ಹುಡುಗನಾಗಿದ್ದಾಗ ಆ ಆಲ್ಬಮ್ ಹಾಕ್ಕೊಂಡು ಗಿಟಾರ್ ತಿದ್ದಿದೋನು.

ರೋರಿ ಎಷ್ಟು ಹಠಮಾರಿ ಅಂತ ಗೊತ್ತಾಗ್ಬೇಕಾದ್ರೆ ಮುಂದಿನ ಆಲ್ಬಮ್ ಗತಿ ನೋಡಿ. 1977ರ ಕೊನೇಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ, ನೀಲ್ ಯಂಗ್ ಜೊತೆ ಕೆಲಸ ಮಾಡಿದ್ದ ಎಲಿಯಟ್ ಮೇಝರ್ ಹತ್ರ ಪೂರ್ತಿ ಆಲ್ಬಮ್ ಮುಗಿಸಿ, ಮಿಕ್ಸ್ ಇಷ್ಟ ಆಗ್ಲಿಲ್ಲ ಅಂತ ಕಸದ ಬುಟ್ಟಿಗೆ ಹಾಕ್ದ ಅಂತ ಅವನ ತಮ್ಮ ಡೊನಾಲ್ ಹೇಳಿದಾನೆ. ಮ್ಯಾನೇಜರೂ ಈ ತಮ್ಮನೇ, ಪಾಪ ಕಂಪನಿಯವ್ರಿಗೆ ಏನ್ ಹೇಳಿದ್ನೋ. ಲೂ ಮಾರ್ಟಿನ್ನೂ ಡ್ರಮ್ಸ್‌ನ ರಾಡ್ ಡೆ’ಆತೂ ಆಮೇಲೆ ಬ್ಯಾಂಡಲ್ಲಿ ಉಳೀಲಿಲ್ಲ. ಆ ಟೇಪು 2011ರಲ್ಲಿ ‘ನೋಟ್ಸ್ ಫ್ರಂ ಸ್ಯಾನ್ ಫ್ರಾನ್ಸಿಸ್ಕೋ’ ಅಂತ ಹೊರಗೆ ಬಂತು, ಕೇಳಿದೆ, ಎಸೆಯೋ ಅಂಥದ್ದೇನೂ ಇಲ್ಲ ಗುರು ಅದ್ರಲ್ಲಿ.

ಆ ಸ್ಟ್ರಾಟೋಕಾಸ್ಟರ್ ಬಗ್ಗೆ ಹೇಳ್ಲೇಬೇಕು. 1961ರ ಗಿಟಾರ್ ಅದು, ಬೇರೆ ಯಾವ್ದೋ ಶೋಬ್ಯಾಂಡಿನವನು ಕೆಂಪು ಬಣ್ಣದ್ದು ಬೇಕು ಅಂತ ಆರ್ಡರ್ ಕೊಟ್ಟಿದ್ದಕ್ಕೆ ಸನ್‌ಬರ್ಸ್ಟ್ (ಮಧ್ಯೆ ತಿಳಿ, ಅಂಚಲ್ಲಿ ಗಾಢ ಬಣ್ಣ) ಬಂತಂತೆ, ಅವನು ಬಿಟ್ಟ ಆ ಗಿಟಾರು ಕಾರ್ಕ್‌ನ ಕ್ರೌಲಿ ಅಂಗಡೀಲಿ 1963ರಲ್ಲಿ ಸೆಕೆಂಡ್ ಹ್ಯಾಂಡಾಗಿ 100 ಪೌಂಡಿಗೆ ನಮ್ಮ ರೋರಿ ಪಾಲಾಯ್ತು. ಒಂದ್ಸಲ ಡಬ್ಲಿನ್‌ನಲ್ಲಿ ಕಳುವಾಗಿ, ಮಳೇಲಿ ನೆಂದು ಹಳ್ಳದಲ್ಲಿ ಸಿಕ್ತು. ಅವನ ಬೆವರಿಗೇ ಬಣ್ಣ ಕಿತ್ತುಬಂತು ಅಂತಾರೆ, ಅವನು ಮತ್ತೆ ಬಳಿಸೋಕೂ ಹೋಗ್ಲಿಲ್ಲ. 2024ರ ಅಕ್ಟೋಬರಲ್ಲಿ ಲಂಡನ್ನಿನ ಬೋನಮ್ಸ್ ಹರಾಜಲ್ಲಿ ಎಂಟೂಮುಕ್ಕಾಲು ಲಕ್ಷ ಪೌಂಡ್ ದಾಟ್ತು, ತಗೊಂಡೋರು ಐರ್ಲೆಂಡಿನ ನ್ಯಾಷನಲ್ ಮ್ಯೂಸಿಯಮ್ಮಿಗೆ ಕೊಟ್ರು. ಯಾವ್ದೋ ಕೋಟ್ಯಧಿಪತಿ ಮನೆ ಗೋಡೆ ಸೇರ್ಲಿಲ್ಲವಲ್ಲ, ಪುಣ್ಯ.

ಈಗ ಶುರು ಮಾಡೋರಿಗೆ ನನ್ನ ದಾರಿ: ಐರಿಶ್ ಟೂರ್, ಆಮೇಲೆ ಕಾಲಿಂಗ್ ಕಾರ್ಡ್, ಅದಾದ್ಮೇಲೆ ಡ್ಯೂಸೋ ಟ್ಯಾಟೂನೋ ನಿಮ್ಮಿಷ್ಟ. ಹುಡುಗ ಹೇಳೋ ರಾಕ್‌ಪಲಾಸ್ಟ್‌ನೂ ನೋಡಿ, ಜರ್ಮನಿಯ ಎಸ್ಸೆನ್‌ನಿಂದ ಯೂರೋಪಿಗೆಲ್ಲಾ ಲೈವ್ ಹೋಗಿದ್ದು, ಕ್ಯಾಮೆರಾ ಕಂಡು ಒಂಚೂರೂ ಬದಲಾಗ್ದೇ ಬಾರಿಸಿದಾನೆ. 1980ರ ಲೈವ್ ಆಲ್ಬಮ್ ‘ಸ್ಟೇಜ್ ಸ್ಟ್ರಕ್’ ಮಾತ್ರ ಕೊನೆಗಿಟ್ಕೊಳ್ಳಿ. ಕೀಬೋರ್ಡ್ ಇಲ್ಲ, ಅಕೌಸ್ಟಿಕ್ ಹಾಡು ಒಂದೂ ಇಲ್ಲ, ಶುರುವಿಂದ ಕೊನೇತನಕ ಒಂದೇ ಏಟಿಗೆ ನುಗ್ತಾನೆ, ನಲವತ್ತು ನಿಮಿಷಕ್ಕೇ ಕಿವಿ ಸುಸ್ತು. ‘ಶ್ಯಾಡೋ ಪ್ಲೇ’ ಒಂದಕ್ಕೋಸ್ಕರ ಬೇಕಾದ್ರೆ ಕೇಳಿ.